ಕಸದಲ್ಲಿದ್ದ ಕಂದು ಬಣ್ಣ

ಡಂಗುರಕ್ಕ ಹೋದ ತಿಂಗಳು ತೀರಿಕೊಂಡಳು. ಸಂಶೋಧನಾ ಸಂಸ್ಥೆಯ ಎರಡನೇ ಮಹಡಿಯ ಮೆಟ್ಟಿಲ ಹತ್ತಿರ, ಕೈಯಲ್ಲಿ ಟೀ ಲೋಟ ಹಿಡಿದು ಯಾರಿಗೋ ಏನನ್ನೋ ಹೇಳುತ್ತಿದ್ದವಳು, ಮಾತಿನ ನಡುವೆ ತಲೆ ಹಿಡಿದುಕೊಂಡು ಕುಳಿತಳು. ಮೆದುಳಿನ ರಕ್ತನಾಳ ಒಡೆದಿತ್ತು ಎಂದು ಡಾಕ್ಟರು ಆಮೇಲೆ ಹೇಳಿದರು. ನಲವತ್ತು ಕೂಡ ತುಂಬಿರಲಿಲ್ಲ. ಶ್ರದ್ಧಾಂಜಲಿ ಸಭೆಯಲ್ಲಿ ಅವಳ ಪದವಿಗಳನ್ನೂ ಪ್ರಬಂಧಗಳನ್ನೂ ಒಂದೊಂದಾಗಿ ಓದಿದರು. ತಪ್ಪೇನಿಲ್ಲ, ಸಭೆ ಎಂದರೆ ಹಾಗೆಯೇ. ಆದರೆ ಅವಳನ್ನು ಬಲ್ಲವರಿಗೆ ಅದು, ಊಟದ ರುಚಿ ಕೇಳಿದರೆ ಪಾತ್ರೆಗಳ ಲೆಕ್ಕ ಕೊಟ್ಟ ಹಾಗಿತ್ತು. ಅವಳು ಎಂಥವಳು ಎಂದು ಹೇಳಬೇಕಾದರೆ ಚಿಟ್ಟೆಯ ಕೋಶಗಳು ಒಡೆದ ಆ ಬೆಳಗಿನ ಕಥೆ ಹೇಳಬೇಕು. ಅದಕ್ಕೆ ಮೊದಲಿನ ಕೆಲವು ವಾರಗಳಿಂದ ಶುರು ಮಾಡಬೇಕು.

ಅವಳ ಹೊಟ್ಟೆಯಲ್ಲಿ ಗುಟ್ಟು ನಿಲ್ಲುತ್ತಿರಲಿಲ್ಲ. ಹುಳು ಪೊರೆ ಬಿಟ್ಟರೂ, ಕೆಟ್ಟ ಯಂತ್ರ ಸರಿಹೋದರೂ, ಲೆಕ್ಕ ತಾಳೆಯಾದರೂ, ತಾಳೆಯಾಗದಿದ್ದರೂ, ಪ್ರಯೋಗಾಲಯದ ಬಾಗಿಲಲ್ಲಿ ನಿಂತು ಇಡೀ ಮಹಡಿಗೆ ಕೇಳುವ ಹಾಗೆ ಸಾರುವಳು. ಪಕ್ಕದ ಕೋಣೆಯ ಗಣಿತದವರು ಬಾಗಿಲು ಹಾಕಿಕೊಂಡು ನೋಡಿದರು, ಪ್ರಯೋಜನವಾಗಲಿಲ್ಲ. ಕೊನೆಗೆ ಅವರೂ ಟೀ ಹೊತ್ತಿನಲ್ಲಿ, ನಿಮ್ಮ ನಾಲ್ಕನೇ ಕುಂಡದ ಹುಳುವಿನ ಭೇದಿ ನಿಂತಿತೇ ಎಂದು ವಿಚಾರಿಸುವ ಮಟ್ಟಕ್ಕೆ ಬಂದರು. ಡಂಗುರಕ್ಕ ಎಂಬ ಹೆಸರು ಇಟ್ಟವನು ಭಾವ. ಭಾವ ಅವಳಿಗೆ ಭಾವನಲ್ಲ, ಅಲ್ಲಿ ಯಾರಿಗೂ ಅಲ್ಲ. ಗಿಡಮನೆ ನೋಡಿಕೊಳ್ಳುವವನ ಅಕ್ಕನ ಗಂಡ. ಗಿಡಮನೆಯವನು ಕರೆದದ್ದನ್ನು ಕೇಳಿ ಕೇಳಿ ಎಲ್ಲರೂ ಹಾಗೆಯೇ ಕರೆದರು. ಒಮ್ಮೆ ಸಂಸ್ಥೆಯ ನಿರ್ದೇಶಕರೇ ತುಂಬಿದ ಸಭೆಯಲ್ಲಿ, ಮುಂದಿನದನ್ನು ಭಾವ ಅವರು ವಿವರಿಸುತ್ತಾರೆ ಎಂದುಬಿಟ್ಟರು. ಕಂಪ್ಯೂಟರಿನಲ್ಲಿ ಡಿಎನ್‌ಎಯ ಲೆಕ್ಕ ಮಾಡುವುದು ಅವನ ಕೆಲಸ. ಚಿಟ್ಟೆ ಮುಟ್ಟಿದರೆ ಅವನಿಗೆ ಸೀನು ಬರುತ್ತಿತ್ತು.

ಪಿಎಚ್.ಡಿ. ಮುಗಿಸಿ, ಕೆಲವು ವರ್ಷಗಳ ಅವಧಿಗೆ ಅವಳು ಅಲ್ಲಿ ಪೋಸ್ಟ್‌ಡಾಕ್ ಆಗಿದ್ದಳು. ಹಾಗೆಂದರೇನು ಎಂದು ಯಾರಾದರೂ ಕೇಳಿದರೆ ಉತ್ತರ ಕೊಡುತ್ತಿದ್ದವರು ಅವಳ ತಾಯಿ. ತಾಯಿ ಶಾಲೆಯಲ್ಲಿ ದೈಹಿಕ ಶಿಕ್ಷಣದ ಟೀಚರಾಗಿ ನಿವೃತ್ತರಾದವರು. ತಾಯಿ ಮಗಳಿಬ್ಬರೇ ಒಂದು ಮನೆಯಲ್ಲಿದ್ದರು. "ರಿಸರ್ವ್ ಆಟಗಾರ್ತಿ ಇದ್ದ ಹಾಗೆ" ಎನ್ನುವರು. "ಆಡೋದಕ್ಕೂ ಇಳಿಸಲ್ಲ, ಮನೆಗೂ ಕಳಿಸಲ್ಲ. ಸಮವಸ್ತ್ರ ಹಾಕ್ಕೊಂಡು ಗೆರೆ ಹತ್ರ ಓಡ್ತಾ ಇರ್ಬೇಕು."

ಅವಳು ಓಡುತ್ತಿದ್ದದ್ದು ಒಂದು ಪ್ರಶ್ನೆಯ ಹಿಂದೆ. ನಿಂಬೆ ಎಲೆ ತಿಂದು ಬೆಳೆಯುವ ಒಂದು ಚಿಟ್ಟೆ. ಅದರಲ್ಲಿ ಗಂಡುಗಳೆಲ್ಲ ಕಪ್ಪು. ಹೆಣ್ಣುಗಳಲ್ಲಿ ಮಾತ್ರ ಎರಡು ಬಗೆ: ಕೆಲವು ಗಂಡಿನ ಹಾಗೆಯೇ ಕಪ್ಪು, ಕೆಲವು ಕಂದು. ಕಂದು ಹೆಣ್ಣಿನ ರೆಕ್ಕೆಯ ಅಂಚಿಗೆ ಕೆಂಪು ಚುಕ್ಕೆಗಳು. ಅದೇ ಕಾಡಿನಲ್ಲಿ ಹಾರುವ, ತಿಂದರೆ ವಿಪರೀತ ಕಹಿಯಾದ ಇನ್ನೊಂದು ಚಿಟ್ಟೆಯ ತದ್ರೂಪು ಅದು. ಒಮ್ಮೆ ಕಹಿ ತಿಂದು ಬುದ್ಧಿ ಕಲಿತ ಹಕ್ಕಿ, ಈ ನಕಲಿ ವೇಷವನ್ನು ನೋಡಿಯೂ ದೂರ ಹೋಗುತ್ತದೆ. ಹಾಗಾದರೆ ಈ ವೇಷವನ್ನು ತೊಡು ಎಂಬ ಆಜ್ಞೆ ಚಿಟ್ಟೆಯ ಜೀನೋಮಿನಲ್ಲಿ, ಅಂದರೆ ಅದರ ಡಿಎನ್‌ಎಯ ಇಡೀ ಬರಹದಲ್ಲಿ, ಎಲ್ಲಿದೆ? ಇದು ಪ್ರಶ್ನೆ. ಇದಕ್ಕೆ ಉತ್ತರ ಸಿಗಬೇಕು, ತಾನು ಇರುವಾಗಲೇ ಸಿಗಬೇಕು ಎಂಬುದು ಅವಳ ಹಟ.

ಪ್ರಯೋಗಾಲಯದ ಮುಖ್ಯಸ್ಥರಾದ ಪ್ರೊಫೆಸರ್ ಒಂದು ಉತ್ತರವನ್ನು ಆಗಲೇ ಕೊಟ್ಟಿದ್ದರು. ಬಣ್ಣದ ಜೀನು ಸಾಮಾನ್ಯ ವರ್ಣತಂತುವೊಂದರ ಮೇಲಿದೆ; ತಂದೆಯಿಂದಲೂ ಬರುತ್ತದೆ, ತಾಯಿಯಿಂದಲೂ ಬರುತ್ತದೆ; ಗಂಡಿನ ಮೈಯಲ್ಲಿ ಸದ್ದಿಲ್ಲದೆ ಅಡಗಿ ಕೂತಿರುತ್ತದೆ. ಆ ಜಾಗ ಎಲ್ಲಿದೆ ಎಂದು ಹುಡುಕುವುದಷ್ಟೇ ಬಾಕಿ. ಹುಡುಕುವ ಬಗೆ ಇದು: ನೂರಾರು ಕಂದು ಹೆಣ್ಣು, ಕಪ್ಪು ಹೆಣ್ಣುಗಳ ಜೀನೋಮ್ ಓದಿ, ಎರಡರ ನಡುವೆ ವ್ಯತ್ಯಾಸ ಇರುವಲ್ಲೆಲ್ಲ ಒಂದೊಂದು ಚುಕ್ಕೆ ಇಡುವುದು. ಜೀನು ಇರುವ ಕಡೆ ಚುಕ್ಕೆಗಳು ಒಂದರ ಮೇಲೊಂದು ಬಿದ್ದು ಬೆಟ್ಟದಂತೆ ಎದ್ದು ನಿಲ್ಲುತ್ತವೆ. ಅಲ್ಲಿ ಎಲ್ಲರೂ ಅದನ್ನು ಬೆಟ್ಟ ಎಂದೇ ಕರೆಯುತ್ತಿದ್ದರು. ಬೇರೆಯವರಿಗೆಲ್ಲ ಬೆಟ್ಟ ಸಿಕ್ಕಿತ್ತು. ಹೂವಿನ ಬಣ್ಣದವರಿಗೆ ಸಿಕ್ಕಿತ್ತು, ಕಪ್ಪೆಯವರಿಗೆ ಸಿಕ್ಕಿತ್ತು. ಅವಳದು ಮಾತ್ರ ವರ್ಷಗಟ್ಟಲೆ ಆಟದ ಮೈದಾನ. ಭಾವ ಪ್ರತಿ ಸಲ ಹೊಸ ನಕ್ಷೆ ತೆಗೆದು ಕೊಡುವಾಗ, "ಅಕ್ಕ, ಈ ಸಲವೂ ಕ್ರಿಕೆಟ್ ಆಡಬಹುದು" ಎನ್ನುತ್ತಿದ್ದ.

ಆ ವರ್ಷ ಅವಳ ಅವಧಿ ಮುಗಿಯುತ್ತಿತ್ತು. ಹುಳು ಸಾಕುವ ಕೋಣೆಯನ್ನು ಸೊಳ್ಳೆಯವರಿಗೆ ಕೊಡುವುದೆಂದು ತೀರ್ಮಾನವಾಗಿತ್ತು. ಅದು ಬೆಚ್ಚಗಿನ, ಸದಾ ತೇವವಾದ ಕೋಣೆ. ಬಾಗಿಲು ತೆರೆದರೆ ಮೂಗಿಗೆ ನಿಂಬೆ ಎಲೆಯ ವಾಸನೆ. ಬಲೆಯ ಪಂಜರಗಳು, ಒಳಗೆ ಸಕ್ಕರೆ ನೀರಿನಲ್ಲಿ ಅದ್ದಿಟ್ಟ ಬಣ್ಣದ ಸ್ಪಂಜಿನ ಚೂರುಗಳು, ಕೆಳಗಿನ ಹಲಗೆಯ ಮೇಲೆ ಸಾಲಾಗಿ ಕುಂಡಗಳು. ಸೊಳ್ಳೆ ಸಂಶೋಧನೆಯ ಮುಖ್ಯಸ್ಥೆಯನ್ನು ಎಲ್ಲರೂ ಸೊಳ್ಳೆ ಮೇಡಂ ಎನ್ನುತ್ತಿದ್ದರು. ಅವರು ಆಗಾಗ ಟೇಪು ಹಿಡಿದು ಬಂದು ಗೋಡೆ ಅಳೆದುಕೊಂಡು ಹೋಗುವರು. ಕೋಣೆ ಕೈತಪ್ಪಿದರೆ ಹುಳುಗಳಿಗೆ ಜಾಗವಿಲ್ಲ, ಹುಳುಗಳಿಲ್ಲದಿದ್ದರೆ ಹಲವು ಪೀಳಿಗೆಗಳಿಂದ ಕಾಪಾಡಿಕೊಂಡು ಬಂದ ಕಂದು ವಂಶ ಅಲ್ಲಿಗೆ ಮುಗಿಯಿತು, ಪ್ರಶ್ನೆಯೂ ಮುಗಿಯಿತು.

ಕೋಣೆ ತೆರವು ಮಾಡುವ ಒಂದು ಭಾನುವಾರ ತಾಯಿ ಸಹಾಯಕ್ಕೆ ಬಂದರು. ಗೋಡೆಯ ಮೇಲೆ ದೊಡ್ಡದೊಂದು ವಂಶವೃಕ್ಷದ ಹಾಳೆ ಇತ್ತು. ಒಂದೊಂದು ಚಿಟ್ಟೆಗೆ ಒಂದೊಂದು ಬಣ್ಣದ ಗುಂಡುಪಿನ್ನು: ಕಂದು ಹೆಣ್ಣಿಗೆ ಕಂದು, ಕಪ್ಪು ಹೆಣ್ಣಿಗೆ ಕಪ್ಪು, ಗಂಡಿಗೆ ಬಿಳಿ. ಬಣ್ಣ ಗಂಡಿನಲ್ಲಿ ಅಡಗಿದೆ ಎಂಬ ಲೆಕ್ಕದ ಮೇಲೆ ಹಾಳೆಯನ್ನು ತಂದೆಯರ ಸಾಲಿನಲ್ಲಿ ಜೋಡಿಸಿದ್ದರು. ಈ ತಂದೆಗೆ ಇಷ್ಟು ಕಂದು, ಇಷ್ಟು ಕಪ್ಪು ಹೆಣ್ಣುಮಕ್ಕಳು ಎಂದು ನೋಡುವುದು ಸುಲಭವಾಗಲಿ ಎಂದು. ಆದರೆ ರೆಕ್ಕೆಗಳನ್ನು ಇಟ್ಟಿದ್ದ ಲಕೋಟೆಗಳು ತಾಯಂದಿರ ಲೆಕ್ಕದಲ್ಲಿದ್ದವು, ಏಕೆಂದರೆ ಮೊಟ್ಟೆಗಳನ್ನು ಆರಿಸುವುದು ತಾಯಿಯಿಂದ. ಪಿನ್ನುಗಳೂ ಲಕೋಟೆಗಳ ಜೊತೆಗೇ ಹೋಗಬೇಕು. ಹಾಗಾಗಿ ಅವಳು ಪಿನ್ನಿನ ಸಂಖ್ಯೆ ನೋಡಿ ಇಂಥ ತಾಯಿ ಚಿಟ್ಟೆಯದು ಎಂದು ಹೇಳುತ್ತಾ ಕೀಳುವುದು, ಅವಳ ಅಮ್ಮ ಅದನ್ನು ಆಯಾ ಚಿಟ್ಟೆಯ ಡಬ್ಬಿಗೆ ಹಾಕುವುದು.

ಬಿಳಿ ಪಿನ್ನುಗಳನ್ನೆಲ್ಲ ಮೊದಲೇ ತೆಗೆದಾಗಿತ್ತು. ಅರ್ಧ ಹಾಳೆ ಮುಗಿಯುವಾಗ ತಾಯಿ ಡಬ್ಬಿಗಳನ್ನು ನೋಡಿ ನಕ್ಕರು.

"ಮರೀ, ಇಲ್ಲಿ ನೋಡು. ಈ ಡಬ್ಬಿ ಪೂರ್ತಿ ಕಂದು. ಇದು ಪೂರ್ತಿ ಕಪ್ಪು. ಸ್ಪೋರ್ಟ್ಸ್ ಡೇ ದಿನ ಒಂದೊಂದು ಹೌಸಿನ ಮಕ್ಕಳು ಒಂದೊಂದು ಸಾಲಲ್ಲಿ ನಿಂತ ಹಾಗಿದೆ."

"ಹ್ಞೂಂ ಅಮ್ಮ."

"ಇದೊಂದ್ರಲ್ಲಿ ಮಾತ್ರ ಕಂದಿನ ಮಧ್ಯೆ ಮೂರು ಕಪ್ಪು ಬಂದು ಸೇರ್ಕೊಂಡಿವೆ. ಹೊರಗೆ ಕಳಿಸ್ಲಾ?"

ಅವಳು ಕೈಯಲ್ಲಿದ್ದ ಪಿನ್ನು ಹಿಡಿದುಕೊಂಡೇ ತಿರುಗಿದಳು. ಡಬ್ಬಿಗಳನ್ನು ನೋಡಿದಳು. ಇನ್ನೂ ಕೀಳದ ಪಿನ್ನುಗಳನ್ನು ನೋಡಿದಳು. ಕಂದು ತಾಯಿಗೆ ಕಂದು ಹೆಣ್ಣುಮಕ್ಕಳು, ಕಪ್ಪು ತಾಯಿಗೆ ಕಪ್ಪು ಹೆಣ್ಣುಮಕ್ಕಳು. ತಂದೆ ಯಾರಾದರೂ ಆಗಿರಲಿ. ಆ ಮೂರು ಬಿಟ್ಟರೆ.

ಆ ಮೂರರ ಕಥೆ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬಂದ ಮೊದಲ ವರ್ಷವೇ ಅವಳಿಗೆ ಈ ಅನುಮಾನ ಬಂದಿತ್ತು. ಬಣ್ಣ ತಾಯಿಯಿಂದ ಮಗಳಿಗೆ ಮಾತ್ರ ಹೋಗುತ್ತದೆ ಎಂದು ಬಾಗಿಲಲ್ಲಿ ನಿಂತು ಸಾರಿಯೂ ಆಗಿತ್ತು. ಮರುವಾರವೇ ಒಂದು ಕಂದು ತಾಯಿಯ ಕುಂಡದಲ್ಲಿ ಮೂರು ಕಪ್ಪು ಹೆಣ್ಣುಗಳು ಹೊರಬಂದವು. ಆಗ ಪ್ರೊಫೆಸರ್ ಮುಗುಳ್ನಕ್ಕರಷ್ಟೇ. ಗಣಿತದವರು ಮಾತ್ರ ಬಹಳ ದಿನ ರೇಗಿಸಿದರು. ಉಳಿದ ಸಂಸಾರಗಳೆಲ್ಲ ಒಂದೇ ಬಣ್ಣವಾಗಿರುವುದು ಆಯಾ ತಂದೆಯರ ಆಕಸ್ಮಿಕ ಎಂದು ಎಲ್ಲರೂ ಒಪ್ಪಿಕೊಂಡರು, ಅವಳೂ ಒಪ್ಪಿಕೊಂಡಳು. ಸಂಸಾರಗಳು ಕಡಿಮೆ ಇದ್ದವು ಆಗ. ಈಗ ಡಬ್ಬಿಗಳು ಮೇಜಿನ ತುಂಬ ಇದ್ದವು.

ಮಾರನೆಯ ದಿನ ಪ್ರಯೋಗಾಲಯದಲ್ಲಿ ಸದ್ದಿರಲಿಲ್ಲ. ಅವಳು ಬಂದಳು, ಕುಳಿತಳು, ಯಾರಿಗೂ ಏನೂ ಹೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗಣಿತದವರು ಬಾಗಿಲು ತೆರೆದು ಇಣುಕಿದರು. ಗಿಡಮನೆಯವನು ತಾನೇನಾದರೂ ತಪ್ಪು ಮಾಡಿದೆನೇ ಎಂದು ಭಾವನ ಹತ್ತಿರ ಕೇಳಿಸಿದ. ಭಾವನೇ ಬಂದು ಅವಳ ಮೇಜಿನ ಮೂಲೆಯಲ್ಲಿ ಕೂತು, ಮೈ ಹುಷಾರಿಲ್ಲವೇ, ಯಾರಾದರೂ ಏನಾದರೂ ಅಂದರೇ, ಅವಧಿ ಮುಗಿಯುವುದಕ್ಕೆ ಬೇಜಾರೇ ಎಂದೆಲ್ಲ ವಿಚಾರಿಸಿದ. ಅವಳು ತಲೆ ಎತ್ತದೆ ಒಂದು ಕೆಲಸ ಹೇಳಿದಳು: ಆ ಮೂರು ಕಪ್ಪು ಹೆಣ್ಣುಗಳ ಮೈಟೊಕಾಂಡ್ರಿಯ ತೆಗೆದು ನೋಡಿ, ಅದೇ ತಾಯಿಯದಕ್ಕೆ ಹೊಂದುತ್ತದೆಯೇ ಎಂದು. ಏಕೆಂದು ಹೇಳಲಿಲ್ಲ.

ಮೈಟೊಕಾಂಡ್ರಿಯ ಎಂದರೆ ಜೀವಕೋಶದೊಳಗಿನ ಪುಟ್ಟ ಭಾಗಗಳು. ಅವಕ್ಕೆ ತಮ್ಮದೇ ಆದ ಒಂದು ಚೂರು ಡಿಎನ್‌ಎ ಇದೆ. ಅದು ತಾಯಿಯಿಂದ ಮಾತ್ರ ಬರುತ್ತದೆ. ಬಣ್ಣದ ಹುಡುಕಾಟದಲ್ಲಿ ಅದನ್ನು ಬದಿಗಿಡುವುದು ವಾಡಿಕೆ.

ಭಾವ ಕೆಲಸ ಮುಗಿಸಿ ಬರುವಷ್ಟರಲ್ಲಿ ಅವಳು ಸಾಕುವ ಕೋಣೆಯಲ್ಲಿ ನಿಂತು ಕುಂಡಗಳನ್ನೇ ದಿಟ್ಟಿಸುತ್ತಿದ್ದಳು. ಒಂದೊಂದು ತಾಯಿಯ ಹುಳುಗಳಿಗೆ ಒಂದೊಂದು ಕುಂಡ. ಪ್ರತಿ ಕುಂಡವೂ ನೀರು ತುಂಬಿದ ತಟ್ಟೆಯಲ್ಲಿ. ಹುಳು ನೀರು ದಾಟುವುದಿಲ್ಲ, ಆದ್ದರಿಂದ ಸಂಸಾರಗಳು ಬೆರೆಯುವುದಿಲ್ಲ. ಇದು ಅಲ್ಲಿನ ಪದ್ಧತಿ, ಎಂದೂ ಕೈಕೊಟ್ಟದ್ದಲ್ಲ. ಆದರೆ ಆ ಮೊದಲ ವರ್ಷ ನಿಂಬೆ ಗಿಡಗಳಿಗೆ ರೋಗ ಬಂದು ಎಲೆ ಬಡವಾಗಿತ್ತು. ಗಿಡಮನೆಯಿಂದ ತಂದ ಹೊಸ ಗಿಡಗಳಿಗೆ ಜಾಗ ಮಾಡಲು ಕುಂಡಗಳನ್ನು ಒತ್ತರಿಸಿ ಇಟ್ಟಿದ್ದರು. ಒತ್ತರಿಸಿದವಳು ಅವಳೇ. ತಟ್ಟೆಗೆ ತಟ್ಟೆ ತಾಗದಂತೆ ಜೋಪಾನ ಮಾಡಿದ್ದಳು. ಮೇಲೆ ಎಲೆಗೆ ಎಲೆ ತಾಗಿದ್ದನ್ನು ನೋಡಿರಲಿಲ್ಲ. ಹಸಿದ ಹುಳುವಿಗೆ ಒಂದು ಎಲೆ ಸಾಕು, ರಾಜಮಾರ್ಗ.

ಭಾವ ಬಾಗಿಲಲ್ಲಿ ಸೀನಿದ. "ಅಕ್ಕ, ಆ ಮೂವರೂ ಆ ತಾಯಿ ಮಕ್ಕಳೇ ಅಲ್ಲ. ಪಕ್ಕದ ಮನೆಯವರು. ಕಪ್ಪು ತಾಯಿ ಮಕ್ಕಳು. ಊಟಕ್ಕೆ ಬಂದು ಇಲ್ಲೇ ಉಳ್ಕೊಂಡಿದಾರೆ."

ಅವಳು ಅವನನ್ನು ಒಳಗೆಳೆದು ಬಾಗಿಲು ಹಾಕಿದಳು. ಆಮೇಲೆ ಪಿಸುಗುಟ್ಟಿದಳು. ಅವಳು ಪಿಸುಗುಟ್ಟಿದ್ದನ್ನು ಭಾವ ಜೀವಮಾನದಲ್ಲಿ ಅದೊಂದೇ ಸಲ ಕೇಳಿದ್ದು. ಎಲ್ಲ ಕೇಳಿ ಅವನೆಂದ:

"ತಾಯಿಯಂತೆ ಮಗಳು, ನೂಲಿನಂತೆ ಸೀರೆ. ಇದನ್ನ ಕಂಡುಹಿಡಿಯೋಕೆ ಇಷ್ಟೆಲ್ಲ ಕಂಪ್ಯೂಟರು ಬೇಕಾಯ್ತಾ?"

"ನೂಲು ಎಲ್ಲಿದೆ ಅಂತ ತೋರಿಸ್ಬೇಕಲ್ಲ ಭಾವ. ತಾಯಿಯಿಂದ ಮಗಳಿಗೆ ಮಾತ್ರ ಹೋಗೋದು ಯಾವ್ದು?"

"ಮೈಟೊಕಾಂಡ್ರಿಯ. ಆದ್ರೆ ಅದು ಗಂಡುಮಕ್ಕಳಿಗೂ ಹೋಗುತ್ತೆ."

"ಮಗಳಿಗೆ ಮಾತ್ರ."

ಅವನಿಗೆ ಗೊತ್ತಿಲ್ಲದ್ದೇನಲ್ಲ, ಅವಳಿಗೂ ಅಲ್ಲ. ಮನುಷ್ಯರಲ್ಲಿ ಮಗು ಗಂಡೋ ಹೆಣ್ಣೋ ಎಂದು ತೀರ್ಮಾನಿಸುವ ಒಂಟಿ ವರ್ಣತಂತು ಇರುವುದು ತಂದೆಯಲ್ಲಿ. ಚಿಟ್ಟೆಗಳಲ್ಲಿ ಅದು ತಿರುಗುಮುರುಗು. ಒಂಟಿ ವರ್ಣತಂತು ಇರುವುದು ಹೆಣ್ಣಿನಲ್ಲಿ, ತಾಯಿಯಿಂದ ಮಗಳಿಗಷ್ಟೇ ಸಲ್ಲುತ್ತದೆ. ಗಂಡಿನಲ್ಲಿ ಅದು ಇರುವುದೇ ಇಲ್ಲ. ಹೊಸ ವಿದ್ಯಾರ್ಥಿಗಳಿಗೆ ಇದನ್ನು ಮೊದಲ ಪಾಠವಾಗಿ ಹೇಳಿಕೊಡುತ್ತಿದ್ದವಳು ಅವಳೇ.

"ನಮ್ಮ ಮೂಲಪ್ರತಿ ಯಾರದು?" ಎಂದಳು.

ಚಿಟ್ಟೆಯ ಡಿಎನ್‌ಎಯನ್ನು ಒಮ್ಮೆಗೇ ಓದಲು ಬರುವುದಿಲ್ಲ. ಯಂತ್ರ ಅದನ್ನು ಕೋಟ್ಯಂತರ ಹರಕುಗಳಾಗಿ ಓದುತ್ತದೆ. ಒಂದೊಂದು ಹರಕು ಎಲ್ಲಿಯದು ಎಂದು ತಿಳಿಯಲು, ಮೊದಲೇ ಪೂರ್ತಿ ಓದಿಟ್ಟ ಒಂದು ಚಿಟ್ಟೆಯ ಬರಹದ ಜೊತೆ ಹೋಲಿಸಬೇಕು. ಅದೇ ಮೂಲಪ್ರತಿ. ಅದನ್ನು ಪ್ರೊಫೆಸರ್ ಅವಳು ಬರುವುದಕ್ಕೂ ಮೊದಲು ಮಾಡಿಸಿದ್ದು, ಒಂದು ಗಂಡು ಚಿಟ್ಟೆಯಿಂದ. ಹೆಣ್ಣಿನ ಒಂಟಿ ವರ್ಣತಂತು ಒಂದೇ ಸಾಲನ್ನು ಸಾವಿರ ಸಲ ಬರೆದ ಹಾಗಿರುತ್ತದೆ, ಜೋಡಿಸುವುದು ದೊಡ್ಡ ರಗಳೆ. ಗಂಡನ್ನು ತೆಗೆದುಕೊಂಡರೆ ಆ ರಗಳೆಯೇ ಇಲ್ಲ. ಚಿಟ್ಟೆಯವರೆಲ್ಲ ಮಾಡುವುದು ಅದನ್ನೇ. ಎಲ್ಲರಿಗೂ ಗೊತ್ತಿದ್ದ ಸಂಗತಿ. ಎಲ್ಲರಿಗೂ ಗೊತ್ತಿದ್ದರಿಂದಲೇ ಯಾರೂ ಅದರ ಬಗ್ಗೆ ಯೋಚಿಸಿರಲಿಲ್ಲ.

"ಹಾಗಾದ್ರೆ ಹೆಣ್ಣಿನಲ್ಲಿ ಮಾತ್ರ ಇರೋ ಹರಕು ಬಂದ್ರೆ, ಅದು ಎಲ್ಲಿಗೂ ಹೊಂದಲ್ಲ" ಎಂದ ಭಾವ ನಿಧಾನವಾಗಿ. "ಹೊಂದದೇ ಇದ್ರೆ..."

"ಎಲ್ಲಿ ಹೋಗುತ್ತೆ?"

"ಕಸಕ್ಕೆ."

ಭಾವನ ಕಂಪ್ಯೂಟರಿನಲ್ಲಿ 'ಕಸ' ಎಂಬ ಹೆಸರಿನದೇ ಒಂದು ಫೋಲ್ಡರ್ ಇತ್ತು. ಹೊಂದದ ಹರಕುಗಳೆಲ್ಲ ಅದರಲ್ಲಿ ಬೀಳುವುವು. ಜಾಗ ಸಾಲುವುದಿಲ್ಲವೆಂದು ವಾರಕ್ಕೊಮ್ಮೆ ಅದನ್ನು ಖಾಲಿ ಮಾಡುತ್ತಿದ್ದದ್ದು ಅವಳು. ಖಾಲಿಯಾಯಿತು ಎಂದು ಮಹಡಿಗೆಲ್ಲ ಸಾರುತ್ತಲೂ ಇದ್ದಳು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆದರು ಎನ್ನುತ್ತಾರಲ್ಲ, ಇವಳು ಬೆಣ್ಣೆಯನ್ನು ವಾರವಾರವೂ ಮೋರಿಗೆ ಸುರಿದು, ಪಾತ್ರೆ ತೊಳೆದಿಟ್ಟು, ತುಪ್ಪಕ್ಕೆ ಹೊರಟಿದ್ದಳು.

ಪುಣ್ಯಕ್ಕೆ ಯಂತ್ರ ಓದಿದ ಮೂಲ ಹರಕುಗಳು ಭದ್ರವಾಗಿದ್ದವು. ಮತ್ತೆ ಓಡಿಸಿದರೆ ಕಸ ಮತ್ತೆ ಬೀಳುತ್ತದೆ ಎಂದ ಭಾವ. ಕಸಕ್ಕಾಗಿ ಇಷ್ಟು ಆಸೆಪಟ್ಟು ಕಾದವರು ಲೋಕದಲ್ಲಿ ಬೇರೆ ಯಾರೂ ಇರಲಾರರು. ಅವಳು ಕುಳಿತಲ್ಲಿ ಕೂರಲಿಲ್ಲ. ಕುಂಡಗಳಿಗೆ ನೀರು ಹಾಕಿದಳು, ಹಾಕಿದ್ದನ್ನು ಮರೆತು ಮತ್ತೆ ಹಾಕಿದಳು. ಮನೆಯಲ್ಲಿ ತಾಯಿ ಬಡಿಸಿದ್ದನ್ನು ನಿಂತುಕೊಂಡೇ ತಿಂದಳು. ಏನಾಗಿದೆ ಎಂದು ಅವರು ಕೇಳಿದರೆ, ಆ ಮೂರು ಕಪ್ಪನ್ನು ಹೊರಗೆ ಕಳಿಸಾಯಿತು ಅಮ್ಮ ಎಂದಷ್ಟೇ ಹೇಳಿದಳು.

ಕಸದ ಹರಕುಗಳನ್ನು ಒಂದಕ್ಕೊಂದು ಜೋಡಿಸಿ, ಯಾವುದು ಯಾವ ಚಿಟ್ಟೆಯಲ್ಲಿದೆ ಎಂದು ಭಾವ ಪಟ್ಟಿ ತೆಗೆದ. ಹೆಚ್ಚಿನದು ನಿಜವಾಗಿಯೂ ಕಸವೇ: ಹುಳುವಿನ ಹೊಟ್ಟೆಯ ಬ್ಯಾಕ್ಟೀರಿಯಾ, ನಿಂಬೆ ಎಲೆ, ಒಂದಿಷ್ಟು ಮನುಷ್ಯರದೂ ಇತ್ತು. ಅದು ನಿಮ್ಮದೇ ಇರಬೇಕು ಅಕ್ಕ, ಮಾದರಿಗಳ ಪೆಟ್ಟಿಗೆ ತೆರೆದಿಟ್ಟು ಮಾತಾಡುತ್ತೀರಲ್ಲ ಎಂದ. ಅದನ್ನೆಲ್ಲ ತೆಗೆದ ಮೇಲೆ ಉಳಿದ ತುಂಡುಗಳಲ್ಲಿ ಕೆಲವು ಎಲ್ಲ ಹೆಣ್ಣುಗಳಲ್ಲೂ ಇದ್ದವು, ಗಂಡುಗಳಲ್ಲಿ ಇರಲಿಲ್ಲ. ಸರಿ, ಒಂಟಿ ವರ್ಣತಂತುವಿನವು. ಮತ್ತೊಂದು ಗುಂಪು ಪ್ರತಿಯೊಂದು ಕಂದು ಹೆಣ್ಣಿನಲ್ಲೂ ಇತ್ತು. ಒಂದೇ ಒಂದು ಕಪ್ಪು ಹೆಣ್ಣಿನಲ್ಲೂ ಇರಲಿಲ್ಲ. ಪರದೆಯ ಮೇಲೆ ಪಟ್ಟಿ ಒಂದು ಕಡೆ ಪೂರ್ತಿ ತುಂಬಿ, ಇನ್ನೊಂದು ಕಡೆ ಪೂರ್ತಿ ಖಾಲಿಯಾಗಿ ನಿಂತಿತು. ಬೆಟ್ಟವಲ್ಲ, ಗೋಡೆ.

ಆಗ ಕಟ್ಟೆ ಒಡೆಯಿತು. ಇಷ್ಟು ದಿನ ತಡೆದಿಟ್ಟದ್ದನ್ನೆಲ್ಲ ಅವಳು ಬಾಗಿಲಿಗೆ ಓಡಿ ಒಂದೇ ಉಸಿರಿನಲ್ಲಿ ಹೇಳಿದಳು. ಗಣಿತದವರು ಎದ್ದು ಬಂದು ಚಪ್ಪಾಳೆ ಹೊಡೆದರು. ಅವರಿಗೆ ಅರ್ಥವಾದದ್ದು ಎಷ್ಟೋ, ಸದ್ದು ಮರಳಿತಲ್ಲ ಎಂಬ ನೆಮ್ಮದಿ ಎಷ್ಟೋ.

ಪ್ರೊಫೆಸರ್ ಚಪ್ಪಾಳೆ ಹೊಡೆಯಲಿಲ್ಲ. ಪಟ್ಟಿಯನ್ನು ತಮ್ಮ ಮೇಜಿನ ಮೇಲೆ ಹರಡಿಕೊಂಡು ಬಹಳ ಹೊತ್ತು ನೋಡಿದರು. ಅವರು ಕೆಟ್ಟವರಲ್ಲ, ಸುಲಭಕ್ಕೆ ನಂಬುವವರಲ್ಲ ಅಷ್ಟೇ. ಅವಳು ಅವರ ಹತ್ತಿರ ಕಲಿಯಲು ಬಂದದ್ದೇ ಆ ಗುಣಕ್ಕಾಗಿ.

"ಇದು ಹೊಂದಿಕೆ ಅಷ್ಟೇ ಅಮ್ಮ" ಎಂದರು. "ಒಂದೇ ಅಜ್ಜಿ ಮೊಮ್ಮಕ್ಕಳಲ್ಲಿ ನೂರು ವಿಷಯ ಹೊಂದುತ್ತೆ. ಮೂಗೂ ಹೊಂದುತ್ತೆ, ಗೊರಕೆನೂ ಹೊಂದುತ್ತೆ. ಚಿಟ್ಟೆ ಹೊರಗೆ ಬಂದ ಮೇಲೆ ಹೇಳೋದಲ್ಲ. ಬರೋಕೆ ಮುಂಚೆ ಹೇಳು, ಆಗ ಒಪ್ತೀನಿ."

ಬರುವುದಕ್ಕೆ ಮುಂಚೆಯೇ ಹೇಳುತ್ತೇನೆ ಎಂದು ಅವಳು ಅಲ್ಲಿಯೇ ಮಾತು ಕೊಟ್ಟಳು. ಪ್ರೊಫೆಸರರೇ ಜೋಡಿಗಳನ್ನು ಆರಿಸಿದರು. ಅದರಲ್ಲಿ ಒಂದು ಬಿಗಿಯಾದ ಜೋಡಿ ಇತ್ತು: ತಾಯಿ ಕಪ್ಪು, ತಂದೆ ತಲೆತಲಾಂತರದ ಕಂದು ವಂಶದವನು. ತಮ್ಮ ಲೆಕ್ಕ ಸರಿಯಿದ್ದರೆ ಆ ತಂದೆಯಿಂದ ಕೆಲವು ಹೆಣ್ಣುಮಕ್ಕಳಾದರೂ ಕಂದಾಗಲೇಬೇಕು ಎಂದರು. ಒಂದೂ ಆಗುವುದಿಲ್ಲ ಎಂದಳು ಅವಳು.

ಒಂದು ಪೀಳಿಗೆ ಬೆಳೆಯುವಷ್ಟು ಸಮಯ ಬೇಕಿತ್ತು, ಕೋಣೆ ಬೇಕಿತ್ತು. ಸೊಳ್ಳೆ ಮೇಡಂ ಹತ್ತಿರ ಹೋಗಿ ನಡೆದದ್ದನ್ನೆಲ್ಲ ವಿವರಿಸಿದಳು. ಅವರು ಕನ್ನಡಕದ ಮೇಲಿಂದ ನೋಡಿ, ನಮ್ಮ ಸೊಳ್ಳೆಗಳು ಹಸಿದಿವೆ, ತಡವಾದರೆ ನಿಮ್ಮ ಭಾವನನ್ನು ಕಳಿಸಿಕೊಡಬೇಕಾಗುತ್ತದೆ ಎಂದರು. ಆಮೇಲೆ ಒಪ್ಪಿದರು, ಚಿಟ್ಟೆಗಳು ಹೊರಬರುವ ದಿನ ತಮ್ಮನ್ನೂ ಕರೆಯಬೇಕು ಎಂಬುದೊಂದೇ ಷರತ್ತು.

ಹುಳುಗಳು ಬೆಳೆದವು. ಈ ಸಲ ಕುಂಡದಿಂದ ಕುಂಡಕ್ಕೆ ಎರಡು ಮೊಳ ಅಂತರ. ಅವಳು ಎಲೆಗಳನ್ನು ಕತ್ತರಿಸಿ ಕತ್ತರಿಸಿ ಗಿಡಗಳೆಲ್ಲ ಕ್ಷೌರ ಮಾಡಿಸಿಕೊಂಡ ಹಾಗೆ ನಿಂತಿದ್ದವು. ಹುಳು ಕೋಶವಾಗುವಾಗ ಕೊನೆಯ ಪೊರೆಯನ್ನು ಕಳಚಿ ಕೆಳಗೆ ಬಿಡುತ್ತದೆ, ಸುಕ್ಕಿದ ಕಾಲುಚೀಲದ ಹಾಗೆ. ಅದರಲ್ಲಿ ಸ್ವಲ್ಪ ಡಿಎನ್‌ಎ ಉಳಿದಿರುತ್ತದೆ. ಕೋಶಕ್ಕೆ ನೋವಾಗದಂತೆ ಅವಳು ಆ ಪೊರೆಗಳನ್ನು ಆಯ್ದು ಪರೀಕ್ಷೆ ಮಾಡಿದಳು. ಒಂಟಿ ವರ್ಣತಂತುವಿನ ತುಂಡು ಇಲ್ಲದಿದ್ದರೆ ಗಂಡು. ಅದಿದ್ದು ಕಂದಿನ ತುಂಡು ಇಲ್ಲದಿದ್ದರೆ ಕಪ್ಪು ಹೆಣ್ಣು. ಎರಡೂ ಇದ್ದರೆ ಕಂದು ಹೆಣ್ಣು. ಪ್ರತಿ ಕೋಶದ ಕೆಳಗೂ ಎಲ್ಲರಿಗೂ ಕಾಣುವಂತೆ ಬಣ್ಣದ ಕಾಗದದ ಚೂರು ಅಂಟಿಸಿದಳು. ಪ್ರೊಫೆಸರ್ ಬಂದು ಒಂದು ಸುತ್ತು ಹಾಕಿದರು. ಅವರ ಬಿಗಿ ಜೋಡಿಯ ಸಾಲಿನಲ್ಲಿ ಒಂದೂ ಕಂದು ಕಾಗದ ಇರಲಿಲ್ಲ. ಆ ಸಾಲನ್ನು ಎರಡು ಸಲ ಎಣಿಸಿಕೊಂಡು ಹೋದರು.

ಆ ಬೆಳಿಗ್ಗೆ ಬಿಸಿಲು ಬರುವುದಕ್ಕೆ ಮೊದಲೇ ಕೋಣೆ ತುಂಬಿತ್ತು. ಪ್ರೊಫೆಸರ್ ಒಂದು ಸ್ಟೂಲಿನ ಮೇಲೆ, ಸೊಳ್ಳೆ ಮೇಡಂ ಇನ್ನೊಂದರ ಮೇಲೆ. ಭಾವ ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಾಗಿಲಲ್ಲಿ. ತಾಯಿ ಊಟದ ಡಬ್ಬಿ ಕೊಡುವ ನೆಪದಲ್ಲಿ ಬಂದವರು ಹೋಗಲೇ ಇಲ್ಲ. ಕೋಶಗಳ ಸಿಪ್ಪೆ ತೆಳುವಾಗಿ ಒಳಗಿನ ರೆಕ್ಕೆಯ ಬಣ್ಣ ಮಸುಕುಮಸುಕಾಗಿ ಕಾಣುತ್ತಿತ್ತು, ಆದರೆ ಆ ಬೆಳಕಿನಲ್ಲಿ ಎಲ್ಲವೂ ಕಪ್ಪೇ.

ಮೊದಲು ಒಡೆದದ್ದು ಬಿಳಿ ಕಾಗದದ್ದು. ಗಂಡು. ಸರಿ. ಇನ್ನೊಂದು ಬಿಳಿ. ಅದೂ ಸರಿ. ಆಮೇಲೆ ಬಿಗಿ ಜೋಡಿಯ ಸಾಲಿನಲ್ಲಿ ಒಂದು ಕಪ್ಪು ಕಾಗದ, ಕಪ್ಪು ಹೆಣ್ಣು. ಮತ್ತೊಂದು, ಮತ್ತೊಂದು. ಪ್ರೊಫೆಸರ್ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡರು. ಸಾಲು ಮುಗಿಯಿತು, ಕಂದು ಒಂದೂ ಬರಲಿಲ್ಲ. ಸೊಳ್ಳೆ ಮೇಡಂ ಯಾರನ್ನೂ ಕೇಳದೆ ಅವಳ ತಾಯಿಯ ಡಬ್ಬಿ ತೆಗೆದು ತಿನ್ನತೊಡಗಿದರು.

ಇನ್ನು ಕಂದು ಕಾಗದಗಳು. ಮೊದಲನೆಯದು ಬಿರಿಯಿತು. ಕಾಲು ಹೊರಬಂತು, ತಲೆ ಬಂತು, ಒದ್ದೆ ಮೈ ಹೊರಜಾರಿ ಕಡ್ಡಿಯನ್ನು ಹಿಡಿದುಕೊಂಡಿತು. ರೆಕ್ಕೆಗಳು ಮುದ್ದೆಯಾಗಿ, ಹಿಂಡಿದ ಬಟ್ಟೆಯ ಹಾಗೆ ಮೈಗಂಟಿದ್ದವು. ಬಣ್ಣ ಕಪ್ಪು. ಎಲ್ಲರೂ ಬಗ್ಗಿ ನೋಡಿದರು. ಅವಳ ಕೈ ತಾಯಿಯ ಕೈಯನ್ನು ಹುಡುಕಿ ಹಿಡಿಯಿತು.

"ಸ್ವಲ್ಪ ತಡಿ" ಎಂದರು ತಾಯಿ. "ಇನ್ನೂ ಬಟ್ಟೆ ಬಿಚ್ಚಿಲ್ಲ ಅದು."

ಹೊಟ್ಟೆಯಿಂದ ರೆಕ್ಕೆಗೆ ರಸ ಏರತೊಡಗಿತು. ಒಂದು ಮಡಿಕೆ ಸಡಿಲಾಯಿತು, ಇನ್ನೊಂದು. ರೆಕ್ಕೆ ಹನಿಯಂತೆ ಕೆಳಗೆ ಇಳಿದು ಹರಡಿತು. ಹಿಗ್ಗಿದಷ್ಟೂ ಕಪ್ಪು ತಿಳಿಯಾಯಿತು. ಮೊದಲು ಅಂಚಿನಲ್ಲಿ, ಆಮೇಲೆ ಮಧ್ಯದಲ್ಲಿ. ಕಂದು. ನಡುವೆ ಅನುಮಾನವಿಲ್ಲದ, ಹಣ್ಣೆಲೆಯ ಕಂದು, ಅಂಚಿಗೆ ಸಾಲಾಗಿ ಕೆಂಪು ಚುಕ್ಕೆ. ಅವಳ ಬಾಯಿಂದ ಒಂದು ಸದ್ದು ಬಂತು. ಅದು ಮಾತಲ್ಲ. ಅಷ್ಟರಲ್ಲಿ ಎರಡನೆಯದು ಒಡೆಯಿತು, ಮೂರನೆಯದು. ಭಾವ ಸೀನುತ್ತಾ ಒಳಗೇ ಬಂದುಬಿಟ್ಟ. ತಾಯಿ ಶಾಲೆಯ ಮೈದಾನದಲ್ಲಿ ಮಾಡುತ್ತಿದ್ದಂತೆ ಒಂದೊಂದಕ್ಕೂ ಚಪ್ಪಾಳೆ ತಟ್ಟಿದರು. ಒಂದು ಕಂದು ಕಾಗದದ ಕೋಶ ಮಾತ್ರ ಕೊನೆಗೂ ಒಡೆಯಲಿಲ್ಲ, ಒಣಗಿಹೋಗಿತ್ತು. ಉಳಿದದ್ದರಲ್ಲಿ ಒಂದೂ ತಪ್ಪಲಿಲ್ಲ.

ಪ್ರೊಫೆಸರ್ ಎದ್ದು ಪಂಜರದ ಹತ್ತಿರ ಬಂದರು. ಬಗ್ಗಿ ಒಂದೊಂದು ಕಾಗದವನ್ನೂ ಚಿಟ್ಟೆಯನ್ನೂ ತಾಳೆ ನೋಡಿದರು.

"ಮೂಲಪ್ರತಿಗೆ ಹೆಣ್ಣು ತಗೊಳ್ಳೋಣ ಅಂತ ಆಗಲೇ ಯಾರೋ ಹೇಳಿದ್ರು" ಎಂದರು. "ನಾನೇ ರಗಳೆ ಬೇಡ ಅಂದೆ."

"ಈಗ ಮಾಡೋಣ ಸರ್ ಆ ರಗಳೆ. ಪೂರ್ತಿ ಓದೋಣ, ಈ ಕಡೆಯಿಂದ ಆ ಕಡೆವರೆಗೂ."

"ಎಷ್ಟು ವರ್ಷ ಬೇಕಾಗುತ್ತೋ. ನಿನ್ನ ಅವಧಿ ವಿಷಯ ನಾನು ಬರೀತೀನಿ. ಕೋಣೆ..." ಎಂದು ಅವರು ತಿರುಗಿ ನೋಡಿದರು.

ಸೊಳ್ಳೆ ಮೇಡಂ ಖಾಲಿ ಡಬ್ಬಿಯ ಮುಚ್ಚಳ ಹಾಕುತ್ತಿದ್ದರು. "ಇಟ್ಕೊಳ್ಳಿ. ನಮಗೆ ನೆಲಮಾಳಿಗೆನೇ ಸಾಕು, ಸೊಳ್ಳೆಗೆ ಕಿಟಕಿ ಯಾಕೆ."

ಹೊಸ ಮೂಲಪ್ರತಿಗೆ ಒಂದು ಕಂದು ಹೆಣ್ಣು ಬೇಕು. ಅಂದರೆ ಅದನ್ನು ತಕ್ಷಣ ಹೆಪ್ಪುಗಟ್ಟಿಸಬೇಕು. ಜೀವಂತ ಚಿಟ್ಟೆಯಿಂದ ಅಷ್ಟು ಡಿಎನ್‌ಎ ತೆಗೆಯಲಾಗುವುದಿಲ್ಲ. ಯಾವುದನ್ನು ಎಂದು ಪ್ರೊಫೆಸರ್ ಕೇಳಿದರು. ಅವಳು ಪಂಜರದ ಮುಂದೆ ಕೂತು ಒಂದೊಂದನ್ನೂ ನೋಡಿದಳು. ಮೊದಲು ಹೊರಬಂದು ಎಲ್ಲರ ಉಸಿರು ಹಿಡಿಸಿದ್ದನ್ನೇ ತೋರಿಸಿದಳು. ರೆಕ್ಕೆ ಒಣಗಿ ಅದು ಆಗಲೇ ನಡೆದಾಡುತ್ತಿತ್ತು.

"ಇದು. ಆದ್ರೆ ಇವತ್ತಲ್ಲ ಸರ್. ಮೊಟ್ಟೆ ಇಡ್ಲಿ ಮೊದಲು."

ಆ ಹೆಣ್ಣನ್ನು ಬೇರೆ ಪಂಜರಕ್ಕೆ ಬಿಟ್ಟು, ಕಪ್ಪು ವಂಶದ ಒಂದು ಗಂಡನ್ನು ಜೊತೆಗೆ ಬಿಟ್ಟು, ಚಿಗುರು ಎಲೆಯ ಒಂದು ನಿಂಬೆ ಕುಂಡವನ್ನು ಒಳಗಿಟ್ಟಳು. ಅದು ಎಲೆಯಿಂದ ಎಲೆಗೆ ಹೋಗಿ ಮುಂಗಾಲಿನಿಂದ ರುಚಿ ನೋಡಿ, ಒಂದೊಂದೇ ಹಳದಿ ಮೊಟ್ಟೆ ಇಟ್ಟು ಮುಗಿಸುವವರೆಗೆ, ಪ್ರೊಫೆಸರ್ ಎಷ್ಟು ಸಲ ಕೇಳಿ ಕಳಿಸಿದರೂ, ಅವಳು ಪಂಜರದ ಬಾಗಿಲು ತೆಗೆಯಲಿಲ್ಲ. ಆ ಮೊಟ್ಟೆಗಳ ವಂಶ ಈಗಲೂ ಆ ಕೋಣೆಯಲ್ಲಿದೆ. ಒಂಟಿ ವರ್ಣತಂತುವಿನ ಬರಹದಲ್ಲಿ ಅವಳು ಅರ್ಧಕ್ಕಿಂತ ಹೆಚ್ಚು ಓದಿದ್ದಳು. ಉಳಿದದ್ದನ್ನು ಭಾವ ಓದುತ್ತಿದ್ದಾನೆ. ಈ ಬೆಳಿಗ್ಗೆ ಮತ್ತೆ ನಾಲ್ಕು ಕೋಶಗಳು ಒಡೆದವು, ನಾಲ್ಕೂ ಹೆಣ್ಣು, ನಾಲ್ಕೂ ಕಂದು.